ನೆವೇರ ಎಂದು ಕೂಗಿದವಳು

ಮಂಡಿನೋವಿನಿಂದ ಅಪ್ಪ ದಡದಲ್ಲೇ ಉಳಿದ ಮೇಲೆ ಪೆರೀನಾ ದೋಣಿ ಹಿಡಿದು ಇನ್ನೂ ಒಂದು ಬೇಸಿಗೆ ಕಳೆದಿರಲಿಲ್ಲ. ಬಂದರಿನ ಗಂಡಸರು ಅವಳನ್ನು ‘ಕ್ಯಾಪ್ಟನ್ನಮ್ಮ’ ಎನ್ನುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಕುಚೋದ್ಯ ಎಷ್ಟು ಎಂದು ಅಳೆಯುವ ಗೋಜಿಗೆ ಅವಳು ಹೋಗಿರಲಿಲ್ಲ. ಆ ಹೆಸರಿಟ್ಟವನು ಬೆಪೊ, ಬಂದರಿನ ಅತಿ ಹಿರಿಯ, ಅತಿ ದೊಡ್ಡ ಬಾಯಿಯ ಮೀನುಗಾರ.

ಆ ಆಡ್ರಿಯಾಟಿಕ್ ದ್ವೀಪದವರು ಗಾಳಿಗಳನ್ನು ನೆಂಟರಂತೆ ಬಲ್ಲವರು. ಬಡಗಣ ಬೂರ ಬೆಟ್ಟದ ನೆತ್ತಿಗೆ ಮೋಡದ ಟೋಪಿ ತೊಡಿಸಿಯೇ ಇಳಿಯುತ್ತದೆ. ತೆಂಕಣ ಯೂಗೋ ಬರುವ ಮೊದಲೇ ಎಲ್ಲರಿಗೂ ತಲೆನೋವು. ನೆವೇರ ಮಾತ್ರ ಹೇಳದೆ ಕೇಳದೆ ಬರುವ ಬಿರುಗಾಳಿ. ಒಲೆಯ ಮೇಲಿನ ಕಾಫಿ ಉಕ್ಕುವಷ್ಟರಲ್ಲಿ ಕಡಲು ಬುಡಮೇಲು. ಅದಕ್ಕೇ ಕಡಲಿನಲ್ಲಿ ಆ ಹೆಸರನ್ನು ಯಾರೂ ಹಗುರವಾಗಿ ಆಡುವುದಿಲ್ಲ. ಆಡಿದರೆಂದರೆ, ಕೇಳಿಸಿಕೊಂಡ ಪ್ರತಿ ದೋಣಿಯೂ ಬಲೆ ಕಡಿದು ಬಂದರಿಗೆ ಓಡಬೇಕು. ಏಕೆ, ಏನು ಎಂದು ಕೇಳುವಂತಿಲ್ಲ. ಎಂಥ ಹಟಮಾರಿಗಳೂ ಒಂದು ಪದಕ್ಕೆ ಹೀಗೆ ತಲೆಬಾಗುವುದು ನಿಜಕ್ಕೂ ದೊಡ್ಡ ಮಾತು.

ಅಂದು ಬೆಳಿಗ್ಗೆ ಪೆರೀನಾಳ ಬಲೆ ಅರ್ಧ ನೀರಿನಲ್ಲಿತ್ತು. ಪಕ್ಕದಲ್ಲೇ ಬೆಪೊ, ಚಳಿಗಾಲವಿಡೀ ಕೂತು ಸೀಸದ ಗುಂಡು ಕಟ್ಟಿದ ಹೊಸ ಬಲೆಯನ್ನು ಎಳೆಯುತ್ತಿದ್ದ. ಪಡುವಣದಲ್ಲಿ ಕಪ್ಪು ಮೋಡದ ಪಟ್ಟಿಯೊಂದು ಎದ್ದಿತು. ಅವಳ ಕತ್ತಿನ ಹಿಂದೆ ತಣ್ಣಗೆ ಏನೋ ಸುಳಿಯಿತು. ಅವಳು ರೇಡಿಯೋ ಎತ್ತಿಕೊಂಡು ಒಂದೇ ಸಲ ಹೇಳಿದಳು: “ನೆವೇರ.”

ಬೆಪೊ ಹೊಸ ಬಲೆಯ ಹಗ್ಗ ಹಿಡಿದ. ಅವನ ಚೂರಿ ಒಮ್ಮೆ ಮಿಂಚಿತು, ದೋಣಿ ಬಂದರಿನತ್ತ ತಿರುಗಿತು.

ನೆವೇರ ಬರಲಿಲ್ಲ. ಮೋಡ ಹಾಗೇ ಇಟಲಿಯ ಕಡೆ ಸರಿದುಹೋಯಿತು. ಮಧ್ಯಾಹ್ನ ಕಡಲು ತಟ್ಟೆಯಲ್ಲಿಟ್ಟ ಎಣ್ಣೆಯಂತಿತ್ತು. ಬೆಪೊ ಹುಡುಕಿಕೊಂಡು ಹೋದಾಗ ಅವನ ಬಲೆ ಬಂಡೆಗೆ ಸಿಕ್ಕಿ ಚಿಂದಿಯಾಗಿತ್ತು. ಪೆರೀನಾ ಹೋಟೆಲಿನ ಮುಂದೆ ಹಾದಾಗ ಒಳಗಿನ ಮಾತು ನಿಂತಿತು. ಭೂಮಿ ಬಾಯಿಬಿಡಬಾರದೇ ಎನಿಸಿತು ಅವಳಿಗೆ. ಇನ್ನು ಜನ್ಮದಲ್ಲಿ ಆ ಪದ ಎತ್ತುವುದಿಲ್ಲ ಎಂದುಕೊಂಡಳು.

ಮರುದಿನ ಬೆಳಗಾಗುತ್ತಲೇ ಬೆಪೊ ಅವಳ ದೋಣಿಯ ಬಳಿ ಬಂದು ನಿಂತ.

“ಮಾವ, ನಿಮ್ಮ ಬಲೆ...”

“ಬಲೆ ಹೋಯ್ತು. ನನ್ನ ಹೆಂಡತಿ ನಿನ್ನೆಯಿಂದ ನಿನ್ನ ವಂಶಾನೆಲ್ಲ ಜಾಲಾಡ್ತಿದ್ದಾಳೆ, ಅದು ಅವಳ ಕೆಲಸ. ನಾನು ಕೇಳೋಕೆ ಬಂದಿದ್ದು ಬೇರೆ. ಇವತ್ತು ಅದೇ ಮೋಡ ಅಲ್ಲೇ ಕಂಡ್ರೆ ಏನ್ಮಾಡ್ತೀಯ?”

“ಬಾಯಿ ಮುಚ್ಕೊಂಡಿರ್ತೀನಿ.”

“ಹಾಗಾದ್ರೆ ನಾನಿವತ್ತು ದೋಣಿ ಬಿಚ್ಚಲ್ಲ.” ಬೆಪೊ ಕಟ್ಟೆಯ ಮೇಲೆ ಕೂತೇಬಿಟ್ಟ. ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಕಣ್ಣಿಗೆ ಪೊರೆ ಬಂದು ಎರಡು ವರ್ಷ ಆಯ್ತು ಮಗಳೇ. ಪಡುವಣ ಅಂದ್ರೆ ನನಗೆ ಬರೀ ಬೂದಿ ಬಣ್ಣ. ಊರಿಗೆಲ್ಲ ಸಾರ್ಬೇಡ. ಅಷ್ಟು ದೊಡ್ಡ ಕಡಲಲ್ಲಿ ದಿನಾ ನಿನ್ನ ಪಕ್ಕಾನೇ ಬಲೆ ಬಿಡ್ತೀನಲ್ಲ, ನಿನ್ನ ಅಂದ ನೋಡೋಕೆ ಅಂದ್ಕೊಂಡ್ಯಾ?”

ಪೆರೀನಾ ಅವನ ಪೊರೆ ಬಂದ ಕಣ್ಣುಗಳನ್ನು ನೋಡಿದಳು. ಇಷ್ಟು ದಿನ ಇಡೀ ಬಂದರಿನಲ್ಲಿ ತನ್ನನ್ನು ನಂಬಿದ್ದವನು ಇವನೊಬ್ಬನೇ.

“ಕಂಡ್ರೆ ಕೂಗ್ತೀನಿ, ಮಾವ.”

“ಕಂಡ ಹಾಗೆ ಅನ್ಸಿದ್ರೂ ಕೂಗು.”

ಅವನು ಎದ್ದು ತನ್ನ ತೇಪೆ ಹಾಕಿದ ಹಳೆಯ ಬಲೆಯತ್ತ ನಡೆದ. ಪೆರೀನಾ ಹಗ್ಗ ಬಿಚ್ಚಿದಳು. ಬೆಪೊನ ದೋಣಿ ಪಕ್ಕಕ್ಕೆ ಬರುವವರೆಗೂ ನಿಧಾನವಾಗಿಯೇ ಸಾಗಿದಳು.