ತೊಟ್ಟು ನೋಡಿದ ನಿಲುವಂಗಿ

ಸೊಸೆಯ ಕಂಪ್ಯೂಟರ್ ಆಟ ಕಂಡರೆ ಟೈಲರಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ದಿನವಿಡೀ ಚೀಟಿ ಬರೆದು ಬಂದವಳು, ಚಹಾ ಕುಡಿದ ಲೋಟ ತೊಳೆಯುವ ಮೊದಲೇ ಕಿವಿಗೆ ಹೆಡ್‌ಫೋನ್ ಏರಿಸಿದಳೆಂದರೆ ಮುಗಿಯಿತು; ಮನೆಗೆ ಬೆಂಕಿ ಬಿದ್ದರೂ ಗೊತ್ತಾಗದು. ಮಗನಿಗೆ ಬಸ್ಸಿನಲ್ಲಿ ಸಂಜೆ ಪಾಳಿ. ಹಾಗಾಗಿ ಮುಂದಿನ ಕೋಣೆಯ ಅಂಗಡಿಯಲ್ಲಿ ಅತ್ತೆ ಹೊಲಿಗೆ ಮೆಷಿನ್ನಿನ ಜೊತೆ, ಒಳಕೋಣೆಯಲ್ಲಿ ಸೊಸೆ ರಾಕ್ಷಸರ ಜೊತೆ. ಮದುವೆಯಾಗಿ ವರ್ಷವಾದರೂ ಇಬ್ಬರ ನಡುವೆ ಊಟ ಆಯ್ತಾ, ನೀರು ಬಂತಾ ಎಂಬುದಕ್ಕಿಂತ ಹೆಚ್ಚು ಮಾತಿರಲಿಲ್ಲ.

ಒಂದು ಸಂಜೆ ಜಗಳ ತೆಗೆಯಲೆಂದೇ ಒಳಗೆ ಹೋದ ಟೈಲರಮ್ಮ ಬೈಯಲು ಬಾಯಿ ತೆರೆದವರು ಹಾಗೇ ನಿಂತರು. ಸ್ಕ್ರೀನಿನಲ್ಲಿ ಒಬ್ಬಳು ಗಾಳಿಯಲ್ಲಿ ಎರಡು ಸಲ ಕೈಯಾಡಿಸಿದಳು, ಚೀಲವೊಂದು ತಯಾರಾಯಿತು.

“ಯಾರೇ ಇವಳು? ಅಳತೆ ಇಲ್ಲ, ಕತ್ತರಿ ಇಲ್ಲ, ಇದೆಂಥ ಹೊಲಿಗೆ?”

“ಆಟದಲ್ಲಿ ದರ್ಜಿ ಕೆಲಸಾನೂ ಇದೆ ಅತ್ತೆ. ಕಮ್ಮಾರರು, ಔಷಧಿ ಅರೆಯೋರು, ಎಲ್ಲಾ ಇದಾರೆ. ಮಾಡಿದ್ದನ್ನ ಅಲ್ಲಿನ ಪೇಟೇಲಿ ಮಾರಿದ್ರೆ ಚಿನ್ನ ಬರುತ್ತೆ.”

“ನಿಜವಾದ ಚಿನ್ನಾನಾ?”

“ಆಟದ ಚಿನ್ನ.”

“ಹಾಗಂದ್ರೆ ಸುಳ್ಳು ಚಿನ್ನ,” ಎಂದರು ಟೈಲರಮ್ಮ. ಆದರೂ ಕುರ್ಚಿ ಎಳೆದುಕೊಂಡು ಕುಳಿತರು.

ಹಳೆಯ ಲ್ಯಾಪ್‌ಟಾಪಿನಲ್ಲಿ ಸೊಸೆ ಅವರಿಗೂ ಒಬ್ಬಳನ್ನು ಸೃಷ್ಟಿಸಿಕೊಟ್ಟಳು. ಯೋಧೆ ಬೇಕೋ, ಮಂತ್ರವಾದಿ ಬೇಕೋ, ವೈದ್ಯೆ ಬೇಕೋ ಎಂದು ಆಟ ಕೇಳಿತು. ವೈದ್ಯೆಯ ಬಟ್ಟೆ ಬೆಳ್ಳಗಿತ್ತು, ಟೈಲರಮ್ಮನಿಗೆ ಅಷ್ಟೇ ಸಾಕಾಯಿತು. ವೈದ್ಯಕ್ಕೂ ಅವರಿಗೂ ಏನೂ ಸಂಬಂಧವಿರಲಿಲ್ಲ. ಆಟದ ಊರಬಾಗಿಲು ದಾಟದೆ, ಒಂದು ಇರುವೆಯನ್ನೂ ಹೊಡೆಯದೆ, ಪೇಟೆಯ ನಡುವೆ ಕುಳಿತು ಹೊಲಿಯತೊಡಗಿದರು.

ರಜೆಯ ದಿನ ಆಟದಲ್ಲಿ ಬೇಟೆಗೆ ಹೋದವರು ಕೊಂದ ರಾಕ್ಷಸರಿಂದ ಸಿಕ್ಕಿದ ಬಟ್ಟೆಯನ್ನೆಲ್ಲ ತಂದು ಪೇಟೆಯಲ್ಲಿ ಸುರಿಯುತ್ತಾರೆ, ಆಗ ಬೆಲೆ ನೆಲ ಕಚ್ಚುತ್ತದೆ. ವಾರದ ನಡುವೆ ಮತ್ತೆ ಏರುತ್ತದೆ. ಟೈಲರಮ್ಮ ಬೆಲೆ ಇಳಿದಾಗ ಬಟ್ಟೆ ಕೊಂಡರು, ಏರಿದಾಗ ಚೀಲ ಹೊಲಿದು ಮಾರಿದರು. ಬೇರೆ ದರ್ಜಿಗಳೆಲ್ಲ ಮಿರಮಿರನೆ ಮಿನುಗುವ ಅಂಗಿಗಳಿಗೆ ಮುಗಿಬಿದ್ದರೆ ಇವರು ಚೀಲ ಬಿಟ್ಟು ಕದಲಲಿಲ್ಲ. “ಲೂಟಿ ಹೊಡೆದಿದ್ದನ್ನ ತುಂಬ್ಕೊಳ್ಳೋಕೆ ಎಲ್ಲರಿಗೂ ಚೀಲ ಬೇಕಲ್ಲ,” ಎನ್ನುತ್ತಿದ್ದರು. ಕೆಲವು ದಿನ ಮಾತ್ರ ಹೊಲಿದ ಚೀಲಕ್ಕಿಂತ ಹೊಲಿಯದ ಬಟ್ಟೆಗೇ ಹೆಚ್ಚು ಬೆಲೆ. ಅಂಥ ದಿನ ಬಟ್ಟೆಯನ್ನೇ ಮಾರಬೇಕೆಂದು ಸೊಸೆ ಹೇಳಿಕೊಟ್ಟಾಗ ಅವರಿಗೆ ಕೆನ್ನೆಗೆ ಹೊಡೆದಂತಾಯಿತು. ಹೊಲಿಗೆಗೆ ಕಿಮ್ಮತ್ತೇ ಇಲ್ಲದ ದಿನವೂ ಇರುತ್ತದೆಯೇ? ಹಾಗೆಯೇ ಪೇಟೆಯಲ್ಲಿ ಒಬ್ಬ ಕಿಲಾಡಿ ಇದ್ದ. ಇವರು ಬೆಲೆ ಹಾಕಿದೊಡನೆ ಬಂದು ಅದಕ್ಕಿಂತ ಒಂದೇ ಒಂದು ಕಾಸು ಕಡಿಮೆಗೆ ತನ್ನ ಚೀಲ ಇಡುತ್ತಿದ್ದ. ಟೈಲರಮ್ಮ ಅವನಿಗೆ ಹಿಡಿಶಾಪ ಹಾಕುತ್ತಲೇ ಅವನ ಚೀಲಗಳನ್ನೂ ಕೊಂಡು ತಮ್ಮ ಬೆಲೆಗೆ ಮಾರಿದರು.

ಹೀಗೆ ಸುಳ್ಳು ಚಿನ್ನ ಗುಡ್ಡೆಯಾಯಿತು. ಸೊಸೆ ಪೇಟೆಗೆ ಬಂದಾಗಲೆಲ್ಲ ಹಾರುವ ಕುದುರೆಯೊಂದರ ಮುಂದೆ ಸುಮ್ಮನೆ ನಿಲ್ಲುವುದನ್ನು ಟೈಲರಮ್ಮ ನೋಡಿದ್ದರು. ಅದನ್ನು ಕೊಡಿಸಿಬಿಡಬೇಕೆಂದು ಯಾರಿಗೂ ಹೇಳದೆ ಕೂಡಿಡುತ್ತಿದ್ದರು.

ಸೊಸೆಗೆ ಆಟದಲ್ಲೊಂದು ತಂಡವಿತ್ತು. ಅದರ ಮುಖಂಡನನ್ನು ಎಲ್ಲರೂ ಕಂಪೌಂಡರ್ ಎನ್ನುತ್ತಿದ್ದರು, ಕಾಳಗದಲ್ಲಿ ಎಲ್ಲರ ಗಾಯ ಮಾಯಿಸುವವನು ಅವನೇ. ಮದುವೆಗೆ ಮುಂಚಿನಿಂದಲೂ ಅವಳು ಆ ತಂಡದಲ್ಲಿದ್ದಳು. ಪರಿಚಯವಿಲ್ಲದ ಊರಿಗೆ, ಪರಿಚಯವಿಲ್ಲದ ಮನೆಗೆ ಬಂದಮೇಲೆ ಹಳೆಯವರು ಅಂತ ಅವಳಿಗೆ ಉಳಿದಿದ್ದು ಆ ಹೆಡ್‌ಫೋನಿನೊಳಗಿನ ದನಿಗಳಷ್ಟೆ. ಇದು ಟೈಲರಮ್ಮನಿಗೆ ಅರ್ಥವಾಗಲು ಒಂದು ವರ್ಷ ಬೇಕಾಯಿತು.

ಕಂಪೌಂಡರನಿಗೆ ಒಂದು ನಿಲುವಂಗಿ ಬೇಕಾಗಿತ್ತು. ಆ ಆಟದಲ್ಲಿ ಮನುಷ್ಯನಿಗಿಂತ ಬಟ್ಟೆಗೇ ಹೆಚ್ಚು ಶಕ್ತಿ. ಈ ನಿಲುವಂಗಿ ತೊಟ್ಟ ವೈದ್ಯ ಸಾಯುತ್ತಿರುವವನನ್ನೂ ಎದ್ದು ಕೂರಿಸಬಲ್ಲ. ಅದಕ್ಕೆ ಬೇಕಾದ ಮಿಂಚುನೂಲು ಪೇಟೆಯಲ್ಲಿ ಸಿಗುವಂಥದ್ದಲ್ಲ. ಗುಹೆಯ ಮೃಗವೊಂದನ್ನು ಕೊಂದರೆ ಮಾತ್ರ ಬೀಳುತ್ತದೆ, ಅದೂ ಬಿದ್ದರೆ ಬಿತ್ತು. ತಂಡದವರು ತಿಂಗಳುಗಟ್ಟಲೆ ಸತ್ತು ಸುಣ್ಣವಾಗಿ ಒಂದು ಲಡಿ ಗಳಿಸಿದ್ದರು. ಸಾಮಾನನ್ನು ನಂಬಿ ಕುಶಲಕರ್ಮಿಯ ಕೈಗೆ ಕೊಡುವುದು, ಅವರು ಮಾಡಿ ಹಿಂದಿರುಗಿಸುವುದು ಅಲ್ಲಿಯ ಪದ್ಧತಿ. ಎತ್ತಿಕೊಂಡು ಓಡಿಹೋದರೆ ಹಿಡಿಯುವವರಿಲ್ಲ.

“ನಮ್ಮತ್ತೆ ಹೊಲೀತಾರೆ. ನಾನು ಜವಾಬ್ದಾರಿ,” ಎಂದಳು ಸೊಸೆ.

ಟೈಲರಮ್ಮ ಹೊಲಿದರು. ಕೈಯಾಡಿಸಿದ್ದು ಎರಡೇ ಸಲ. ನಿಲುವಂಗಿ ತಯಾರಾಯಿತು, ಸಣ್ಣ ಚಿತ್ರವಾಗಿ ಚೀಲದೊಳಗೆ ಕುಳಿತಿತು. ಅಷ್ಟಕ್ಕೇ ಕೊಟ್ಟುಬಿಡಬಹುದಿತ್ತು. ಆದರೆ ಅವರ ಅಂಗಡಿಯಿಂದ ಯಾವ ಬಟ್ಟೆಯೂ ಒಮ್ಮೆ ಮರದ ಗೊಂಬೆಯ ಮೈಮೇಲೇರದೆ ಹೊರಗೆ ಹೋದದ್ದಿಲ್ಲ. ಭುಜ ಹೇಗೆ ಕೂತಿದೆ, ಅಂಚು ಸಮವಾಗಿದೆಯೇ ಎಂದು ಸುತ್ತಲೂ ನೋಡಬೇಕು. ಆಟದಲ್ಲಿ ಗೊಂಬೆ ಎಲ್ಲಿಂದ ತರುವುದು? ತಮ್ಮ ವೈದ್ಯೆಗೇ ತೊಡಿಸಿದರು. ಆಟ ಏನೋ ಕೇಳಿತು. ಆಟ ಯಾವಾಗಲೂ ಏನಾದರೂ ಕೇಳುತ್ತಲೇ ಇರುತ್ತದೆ, ಟೈಲರಮ್ಮ ಯಾವಾಗಲೂ ಹೂಂ ಅನ್ನುತ್ತಾರೆ. ಈಗಲೂ ಅಂದರು. ಭುಜ ಚೆನ್ನಾಗಿ ಕೂತಿತ್ತು. ಅಂಚೂ ಸಮವಾಗಿತ್ತು.

“ಅತ್ತೆ! ಏನು ಮಾಡಿಬಿಟ್ರಿ!”

ಅಂಥ ಉಡುಪನ್ನು ಒಮ್ಮೆ ತೊಟ್ಟರೆ ತೊಟ್ಟವರಿಗೇ ಅಂಟಿಕೊಳ್ಳುತ್ತದಂತೆ. ಬಿಚ್ಚಬಹುದು, ಆದರೆ ಇನ್ನೊಬ್ಬರಿಗೆ ಕೊಡುವಂತಿಲ್ಲ, ಮಾರುವಂತಿಲ್ಲ. ಚೀಲಕ್ಕೆ ಈ ಕಟ್ಟುಪಾಡು ಇರಲಿಲ್ಲ, ಹಾಗಾಗಿ ಟೈಲರಮ್ಮನಿಗೆ ತಿಳಿದಿರಲಿಲ್ಲ. ಇಷ್ಟು ವರ್ಷದಲ್ಲಿ ಗಿರಾಕಿಯ ಒಂದು ಗೇಣು ಬಟ್ಟೆ ಕೆಡಿಸಿದವರಲ್ಲ.

ಸೊಸೆಯ ಮುಖ ಬಿಳಿಚಿಕೊಂಡಿತ್ತು. ಆದರೂ ಮೈಕಿನ ಹತ್ತಿರ ಬಾಗಿ, “ಕಂಪೌಂಡರ್, ನನ್ನಿಂದ ತಪ್ಪಾಯ್ತು. ಅತ್ತೆಯ ಲ್ಯಾಪ್‌ಟಾಪ್ ಮುಟ್ಟಿದೆ, ಕೈತಪ್ಪಿ ನಾನೇ ತೊಡಿಸಿಬಿಟ್ಟೆ,” ಎಂದಳು.

ಟೈಲರಮ್ಮ ಅವಳ ಕಿವಿಯಿಂದ ಹೆಡ್‌ಫೋನ್ ಕಿತ್ತುಕೊಂಡರು. “ಅವಳು ಸುಳ್ಳು ಹೇಳ್ತಿದಾಳೆ ಸ್ವಾಮಿ. ತೊಟ್ಟಿದ್ದು ನಾನು. ಹೇಗೆ ಕೂತಿದೆ ನೋಡೋಣ ಅಂತ ತೊಟ್ಟೆ.”

ಆ ಕಡೆ ಗದ್ದಲವೆದ್ದಿತು. ಅತ್ತೆ ಸೊಸೆ ಸೇರಿ ನೂಲು ನುಂಗಿದರು ಎಂದರು ಒಬ್ಬರು. ಇಬ್ಬರನ್ನೂ ಹೊರಗೆ ಹಾಕಿ ಎಂದರು ಇನ್ನೊಬ್ಬರು. ಎಲ್ಲ ಅಡಗಿದ ಮೇಲೆ ಕಂಪೌಂಡರ್ ಮಾತಾಡಿದ; ಸೊಸೆಯೂ ಬಾಗಿ ಅತ್ತೆಯ ಕಿವಿಯ ಪಕ್ಕ ಕಿವಿಯಿಟ್ಟಳು.

“ಅಮ್ಮಾ, ಇನ್ನೊಂದು ನಿಲುವಂಗಿಗೆ ಬೇಕಾದ ಬೇರೆ ಸಾಮಾನೆಲ್ಲ ನೀವು ತುಂಬಿಕೊಡಿ. ನೂಲಿಗೆ ಮತ್ತೆ ಗುಹೆಗೆ ಹೋಗ್ಬೇಕು. ನಿಲುವಂಗಿ ನಿಮ್ಮ ಮೈಮೇಲಿರೋದ್ರಿಂದ ನೀವೂ ಬಂದು ಗಾಯ ಮಾಯಿಸ್ಬೇಕು. ನೂಲು ಸಿಕ್ರೆ ಸರಿ. ಸಿಗದಿದ್ರೆ ಜವಾಬ್ದಾರಿ ಹೊತ್ತೋಳು ತಂಡದಲ್ಲಿ ಇರಲ್ಲ.”

ಸೊಸೆ ಎದ್ದು ಹೋಗಿ ಲೋಟ ತೊಳೆಯತೊಡಗಿದಳು. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಟೈಲರಮ್ಮನಿಗೆ.

ಮರುದಿನ ಅವರು ಗುಡ್ಡೆ ಹಾಕಿದ್ದ ಚಿನ್ನವನ್ನೆಲ್ಲ ಸುರಿದು ರೇಷ್ಮೆ, ಬಣ್ಣ, ಹರಳು ಕೊಂಡರು. ಅರ್ಧ ಸಾಮಾನು ಆ ಒಂದು ಕಾಸಿನ ಕಿಲಾಡಿಯಿಂದಲೇ ಕೊಳ್ಳಬೇಕಾಯಿತು. ಕುದುರೆಯ ಕಡೆ ತಿರುಗಿಯೂ ನೋಡಲಿಲ್ಲ.

ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿ, ಮುಖ ತೊಳೆದು, ತಾವೂ ಒಂದು ಹೆಡ್‌ಫೋನ್ ಏರಿಸಿ, ಟೈಲರಮ್ಮ ಜೀವಮಾನದಲ್ಲಿ ಮೊದಲ ಸಲ ಊರಬಾಗಿಲು ದಾಟಿದರು. ಗುಹೆಯಲ್ಲಿ ಮೊದಲ ಸಲ ಎಲ್ಲರೂ ಸತ್ತರು, ಆಟದ ನಿಯಮದಂತೆ ಬಾಗಿಲಲ್ಲಿ ಮತ್ತೆ ಎದ್ದರು. ಎರಡನೆಯ ಸಲ ಟೈಲರಮ್ಮ ಗಾಬರಿಯಲ್ಲಿ ಮೃಗಕ್ಕೇ ಬೆನ್ನು ತಾಗಿಸಿ ನಿಂತಿದ್ದರಿಂದ ಮತ್ತೆ ಎಲ್ಲರೂ ಸತ್ತರು. ಮೂರನೆಯ ಸಲಕ್ಕೆ ಬಂಡೆಯ ಹಿಂದೆ ಅವಿತು, ಕಲಿತಿದ್ದ ಒಂದೇ ಗುಂಡಿಯನ್ನು ಪಟಪಟ ಒತ್ತತೊಡಗಿದರು. ಬೆಂಕಿ, ಹೊಗೆ, ಕಿರುಚಾಟ. ಯಾರು ಎಲ್ಲಿದ್ದಾರೋ ದೇವರೇ ಬಲ್ಲ. ಕಂಪೌಂಡರ್ ಬಿದ್ದ. ಅವನ ಹಿಂದೆಯೇ ಒಬ್ಬೊಬ್ಬರಾಗಿ ಉಳಿದವರೂ ಉರುಳಿದರು. ಮೃಗದ ಮುಂದೆ ಸೊಸೆ ಒಬ್ಬಳೇ ಉಳಿದಳು. ಅದು ಬಾರಿಸಿದಾಗಲೆಲ್ಲ ಅವಳ ಜೀವ ಕೂದಲೆಳೆಗೆ ಬರುತ್ತಿತ್ತು, ಮರುಕ್ಷಣ ತುಂಬಿಕೊಳ್ಳುತ್ತಿತ್ತು. ಟೈಲರಮ್ಮ ಕಣ್ಣು ಮಿಟುಕಿಸಲಿಲ್ಲ. ಬೆರಳು ನೋಯುತ್ತಿತ್ತು, ಬಿಡಲಿಲ್ಲ. ಮೃಗ ದೊಪ್ಪನೆ ಬಿತ್ತು. ಅದರ ಪಕ್ಕದಲ್ಲಿ ಏನೋ ನೀಲಿಯಾಗಿ ಹೊಳೆಯಿತು.

“ಅಮ್ಮಾ,” ಎಂದ ಸತ್ತು ಬಿದ್ದಿದ್ದ ಕಂಪೌಂಡರ್, “ನಾವಿಷ್ಟು ಜನ ಇದ್ವಲ್ಲ. ಒಬ್ಬರ ಗಾಯಾನಾದ್ರೂ ಒಂದು ಸಲ ಮುಟ್ಟಬಾರದಿತ್ತಾ?”

ಟೈಲರಮ್ಮನಿಗೆ ನಾಚಿಕೆಯಾಯಿತು. “ಸುಳ್ಳು ಯಾಕೆ ಹೇಳ್ಲಿ ಸ್ವಾಮಿ. ಇವಳಿಗೆ ಏನಾಗುತ್ತೋ ಅಂತಾನೇ ನೋಡ್ತಿದ್ದೆ. ನೀವ್ಯಾರೂ ನನ್ನ ಕಣ್ಣಿಗೆ ಬೀಳ್ಲೇ ಇಲ್ಲ.”

ಹೆಡ್‌ಫೋನಿನ ತುಂಬ ನಗು. ಸೊಸೆ ನಗಲಿಲ್ಲ. ಮೈಕು ಬಂದ್ ಮಾಡಿ, “ಅತ್ತೆ,” ಎಂದಳು. ಕೆನ್ನೆ ಒದ್ದೆಯಾಗಿತ್ತು.

“ಅಳೋದು ಆಮೇಲೆ. ಮೊದ್ಲು ನೂಲು ಎತ್ಕೊಳ್ಳೇ,” ಎಂದರು ಟೈಲರಮ್ಮ, ತಮ್ಮ ಕಣ್ಣು ಒರೆಸಿಕೊಳ್ಳುತ್ತಾ.