ಬಿಚ್ಚಿದ ಇಂಜಿನ್

"ಭಾವಾ, ಇದನ್ನ ಬಿಚ್ಚೇ ಇಲ್ಲ ಕಣ್ರೀ!" ಎಂದು ಭಾವಮೈದ ದೋಣಿಯ ಹೊಟ್ಟೆಯೊಳಗಿನಿಂದ ಕೂಗಿದ. ಇಂಜಿನ್ನಿನ ಮುಚ್ಚಳ ತೆಗೆದು ತಲೆಕೆಳಗಾಗಿ ಒಳಗೆ ತೂರಿಕೊಂಡಿದ್ದ ಅವನ ಮುಖ ಕಾಣುತ್ತಿರಲಿಲ್ಲ. ಎಣ್ಣೆ ಹತ್ತಿದ ಪ್ಯಾಂಟು, ಎರಡು ಕಾಲು, ಅಷ್ಟೇ. "ಮೇಲೆ ಬಣ್ಣ ಬಳಿದು ಬಿಟ್ಟಿದಾರೆ. ಒಳಗೆಲ್ಲ ಹಳೇ ಸಾಮಾನೇ."

ದೋಣಿ ಕಟ್ಟಿದ್ದ ದಕ್ಕೆಯ ಮೇಲೆ ನಿಂತಿದ್ದ ಹೆಂಗಸಿಗೆ ಕೇಳಲಿ ಎಂದೇ ಅವನು ಅಷ್ಟು ಜೋರಾಗಿ ಕೂಗಿದ್ದು. ಅವನ ಭಾವ, ಕನ್ನಡಕದಂಗಡಿಯವನಿಗೆ, ಅದು ಗೊತ್ತಿತ್ತು. ಹಿಂದಿನ ದಿನ ಅವನ ಅಂಗಡಿಯಲ್ಲೇ ಕೂತು, ಚಹಾ ಕುಡಿಯುತ್ತ, ಇಬ್ಬರೂ ಇದನ್ನೆಲ್ಲ ಮಾತಾಡಿಕೊಂಡಿದ್ದರು. ಭಾವಮೈದನದು ಲಾರಿ ರಿಪೇರಿ ಗ್ಯಾರೇಜು. ಹಳೆಯ ಗಾಡಿ ಕೊಳ್ಳುವುದರಲ್ಲಿ, ಮಾರುವುದರಲ್ಲಿ ಪಳಗಿದ ಕೈ. "ನೀವು ಬಾಯಿ ಬಿಡಬೇಡಿ ಭಾವ. ದೋಣಿ ಕಂಡ ಕೂಡಲೇ ನಿಮ್ಮ ಮುಖ ಅರಳುತ್ತೆ, ರೇಟು ಅಲ್ಲೇ ಏರಿಬಿಡುತ್ತೆ. ಇಂಜಿನ್ ಸರಿ ಇಲ್ಲ ಅಂತ ನಾನು ಹೇಳ್ತೀನಿ. ನೀವು ಸುಮ್ನೆ ಹಲ್ಲುನೋವು ಬಂದೋರ ಥರ ನಿಂತಿರಿ, ಸಾಕು" ಎಂದಿದ್ದ. ಇಬ್ಬರೂ ನಕ್ಕಿದ್ದರು.

ಮುಖ ಅರಳುವಂಥ ದೋಣಿಯೇ ಅದು. ಆಳಸಮುದ್ರಕ್ಕೆ ಹೋಗಿ, ಗಾಳ ಹಾಕಿ, ಆಳೆತ್ತರದ ಮೀನಿನ ಜೊತೆ ಹೆಣಗಾಡುವ ಶೋಕಿಯವರಿಗಾಗಿಯೇ ಕಟ್ಟಿದ್ದು. ಹಿಂಬದಿಯಲ್ಲಿ ತಿರುಗುವ ಕುರ್ಚಿ, ಅಂಚಿನುದ್ದಕ್ಕೂ ಗಾಳದ ಕೋಲು ಸಿಕ್ಕಿಸುವ ಉಕ್ಕಿನ ಕೊಳವೆಗಳು, ಏಣಿ ಹತ್ತಿ ನಿಂತು ದೂರದ ನೀರು ನೋಡಲು ಮೇಲೊಂದು ಪುಟ್ಟ ಅಟ್ಟ. ರಜೆಗೆ ಬಂದವರನ್ನು ಬಾಡಿಗೆಗೆ ಕರೆದೊಯ್ದು ಮೀನು ಹಿಡಿಸುತ್ತಿದ್ದ ಅದರ ಯಜಮಾನ ಹೋದ ವರ್ಷ ಇದ್ದಕ್ಕಿದ್ದಂತೆ ತೀರಿಕೊಂಡಿದ್ದ. ಈಗ ಮಾರುತ್ತಿರುವವಳು ಅವನ ಹೆಂಡತಿ, ಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ಬಟ್ಟೆ ಆಲ್ಟರ್ ಮಾಡಿಕೊಡುವವಳು. ಇತ್ತ ಕನ್ನಡಕದಂಗಡಿಯವನೋ, ದಿನವಿಡೀ ಮಂದಿಯ ಕಣ್ಣಿನ ಮುಂದೆ ಗೇಣು ದೂರದಲ್ಲಿ ಕೂತು ಕೆಲಸ ಮಾಡುವವನು. ಸಂಜೆ ಅಂಗಡಿ ಮುಚ್ಚಿ ಬಂದರಿನ ಗೋಡೆಯ ಮೇಲೆ ಕೂತರೆ, ಒಳಗೆ ಬರುವ ಇಂಥ ದೋಣಿಗಳನ್ನು ನೋಡುತ್ತ ಮನೆಯ ದಾರಿಯನ್ನೇ ಮರೆಯುತ್ತಿದ್ದ.

"ಬಿಚ್ಚಿಲ್ಲ ಅಂದ್ರೆ?" ಎಂದು ಹೆಂಗಸು ದಕ್ಕೆಯ ಅಂಚಿಗೆ ಬಂದಳು. "ಸಾಯೋಕೆ ಮುಂಚಿನ ವರ್ಷವೇ ಪೂರ್ತಿ ಬಿಚ್ಚಿಸಿ ರಿಪೇರಿ ಮಾಡಿಸಿದ್ರಲ್ಲ. ಆ ಕಡೆ ಬಂದರಿನಲ್ಲಿ ಅದಕ್ಕೆ ಅಂತಲೇ ಎಷ್ಟೋ ದಿನ ಉಳಕೊಂಡಿದ್ರು. ನಾನು ಹೊಲಿಗೇಲಿ ಕೂಡಿಟ್ಟಿದ್ದನ್ನೂ ತಗೊಂಡು ಹೋಗಿದ್ರು."

ಭಾವಮೈದ ಹೊರಗೆ ಬಂದು ಕೈ ಒರೆಸಿಕೊಂಡ. "ಅದೆಲ್ಲ ನನಗೆ ಗೊತ್ತಿಲ್ಲಮ್ಮ. ಕಣ್ಣಿಗೆ ಕಂಡಿದ್ದು ಹೇಳಿದೆ."

ಅವಳು ಅವನನ್ನು ಬಿಟ್ಟು ಕನ್ನಡಕದಂಗಡಿಯವನ ಕಡೆ ತಿರುಗಿದಳು. "ಹೌದೇನ್ರೀ?"

ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಸುಮ್ಮನಿರಬೇಕು ಎಂದೇ ಮಾತಾಗಿತ್ತು. ಆದರೆ ಅವಳು ನೇರ ಅವನ ಮುಖವನ್ನೇ ನೋಡಿ ಕೇಳಿದಾಗ ಅವನಿಗೆ ಏನಾದರೂ ಹೇಳಲೇಬೇಕು ಅನ್ನಿಸಿತು. ಅದೂ ಸ್ವಲ್ಪ ಸಮಾಧಾನ ಆಗುವ ಹಾಗೆ. "ಹೌದಮ್ಮ. ಪಾಪ, ನಿಮ್ಮ ಯಜಮಾನರಿಗೆ ಅಲ್ಲಿ ಯಾರೋ ಟೋಪಿ ಹಾಕಿರಬೇಕು."

"ಅವರಿಗಾ?" ಎಂದಳು ಅವಳು. "ಇಂಜಿನ್ ವಿಷಯದಲ್ಲಿ ಅವರಿಗೆ ಟೋಪಿ ಹಾಕೋರು ಹುಟ್ಟಿರಲಿಲ್ಲ."

ಆಮೇಲೆ ಅವಳು ನೀರಿನ ಕಡೆ ನೋಡುತ್ತ ಸೆರಗಿನ ಅಂಚನ್ನು ಬೆರಳಿನಿಂದ ಮಡಿಸಿದಳು, ಬಿಡಿಸಿದಳು. ಭಾವಮೈದ ಹೇಳಿದ ರೇಟು ಅವನಿಗೇ ನಾಚಿಕೆಯಾಗುವಷ್ಟು ಕಡಿಮೆ. ಅವಳು ಜಗ್ಗಾಡುತ್ತಾಳೆ, ಆಮೇಲೆ ಏರಿಸೋಣ ಎಂದುಕೊಂಡಿದ್ದ. ಅವಳು ಜಗ್ಗಾಡಲೇ ಇಲ್ಲ. "ತಗೊಂಡು ಹೋಗಿ" ಎಂದಳು. "ಇದನ್ನ ಇನ್ನು ನಾನು ನೋಡ್ಕೊಂಡಿರಲಾರೆ."

ವಾಪಸ್ ಬರುವಾಗ ಭಾವಮೈದ ಸ್ಟೇರಿಂಗಿಗೆ ತಾಳ ಹಾಕುತ್ತಲೇ ಗಾಡಿ ಓಡಿಸಿದ. "ಬೆಣ್ಣೆ ಭಾವ, ಬೆಣ್ಣೆಯಂಥ ಇಂಜಿನ್ನು! ಪಿಸ್ಟನ್, ರಿಂಗು, ಪಂಪು, ಎಲ್ಲಾ ಹೊಸದು. ಅಷ್ಟು ನೀಟಾಗಿ ಕೆಲಸ ಮಾಡಿದ್ದು ನಾನು ಎಲ್ಲೂ ನೋಡಿಲ್ಲ. ಪುಣ್ಯಾತ್ಮ, ಮಗು ಥರ ನೋಡ್ಕೊಂಡಿದಾನೆ." ಕನ್ನಡಕದಂಗಡಿಯವನೂ ನಕ್ಕ. ಆ ಸಂಜೆ ಮನೆಯಲ್ಲಿ ಭಾವಮೈದ ಆ ಕಥೆಯನ್ನು ಅಭಿನಯಿಸಿ ತೋರಿಸಿದ. ಭಾವ ಹಲ್ಲುನೋವಿನ ಮುಖ ಮಾಡಿದ್ದು, "ಪಾಪ, ಟೋಪಿ ಹಾಕಿರಬೇಕು" ಎಂದದ್ದು. ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನಿಮಗೂ ಇಷ್ಟು ಬರುತ್ತೆ ಅಂತ ಗೊತ್ತೇ ಇರಲಿಲ್ಲ!" ಎಂದಳು. ಅದು ಹೊಗಳಿಕೆಯೇ ಆದ್ದರಿಂದ ಅವನು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡ.

ಕೆಲವು ವಾರ ಸುಖವಾಗಿಯೇ ಕಳೆದವು. ರಜೆಯ ದಿನ ಬೆಳಗ್ಗೆ ದೋಣಿ ಬಿಟ್ಟರೆ ದಡ ಹಿಂದೆ ಹಿಂದೆ ಸರಿದು ಕಾಣದಾಗುತ್ತಿತ್ತು. ಇಂಜಿನ್ ಒಂದು ದಿನವೂ ಕೆಮ್ಮಲಿಲ್ಲ. ಒಮ್ಮೆ ದೊಡ್ಡ ಮೀನೊಂದು ಗಾಳಕ್ಕೆ ಬಿದ್ದು, ಅರ್ಧ ದಿನ ಸತಾಯಿಸಿ, ಕೊನೆಗೆ ದಾರ ಕಿತ್ತುಕೊಂಡು ಹೋಯಿತು. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಅವನು ಆ ತಪ್ಪಿಸಿಕೊಂಡ ಮೀನಿನ ಉದ್ದವನ್ನು ಕೈ ಚಾಚಿ ತೋರಿಸಿದ. ದಿನ ಕಳೆದಂತೆ ಮೀನೂ ಬೆಳೆಯಿತು.

ಒಂದು ದಿನ ಅಂಗಡಿಯ ಬಾಗಿಲು ತಳ್ಳಿಕೊಂಡು ದೋಣಿ ಮಾರಿದವಳೇ ಬಂದಳು. ಸುಳ್ಳು ಗೊತ್ತಾಗಿಬಿಟ್ಟಿತೇನೋ ಎಂದು ಅವನು ಎದ್ದು ನಿಂತ. ಆದರೆ ಅವಳು ಬಂದದ್ದು ಕನ್ನಡಕಕ್ಕೆ. "ಸೂಜಿಗೆ ದಾರ ಪೋಣಿಸೋಕೆ ಆಗ್ತಿಲ್ಲ. ಇತ್ತೀಚೆಗೆ ನಿದ್ದೇನೂ ಸರಿ ಇಲ್ಲ, ಅದಕ್ಕೋ ಏನೋ" ಎಂದಳು.

ಒಳಗಿನ ಕತ್ತಲೆ ಕೋಣೆಯಲ್ಲಿ ಅವಳನ್ನು ಕುರ್ಚಿಯಲ್ಲಿ ಕೂರಿಸಿದ. ಮೂಗಿನ ಮೇಲೆ ಭಾರದ ಚೌಕಟ್ಟು ಇಟ್ಟು, ಒಂದು ಗಾಜು ತೆಗೆದು ಇನ್ನೊಂದು ಹಾಕುತ್ತ, "ಇದು ಚೆನ್ನಾಗಿ ಕಾಣುತ್ತಾ, ಅದಾ?" ಎಂದು ಕೇಳತೊಡಗಿದ. ಅವಳ ಉಸಿರು ಅವನ ಮುಂಗೈಗೆ ತಾಗುತ್ತಿತ್ತು.

"ಮೊದಲಿನದು" ಎಂದಳು. ಸ್ವಲ್ಪ ಹೊತ್ತಾದ ಮೇಲೆ, ಅಕ್ಷರಗಳ ಹಲಗೆಯನ್ನೇ ನೋಡುತ್ತ, "ನಿಮಗೆ ಒಂದು ಥ್ಯಾಂಕ್ಸ್ ಹೇಳಬೇಕಿತ್ತು" ಎಂದಳು.

"ನನಗಾ? ಯಾಕಮ್ಮ?"

"ನೀವು ಇಂಜಿನ್ ವಿಷಯ ಹೇಳದೇ ಇದ್ದಿದ್ರೆ ನಾನು ಸಾಯೋ ತನಕ ದಡ್ಡಿಯಾಗೇ ಇರ್ತಿದ್ದೆ." ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. "ರಿಪೇರಿ ಮಾಡಿಸಿಲ್ಲ ಅಂದ್ಮೇಲೆ ಅಷ್ಟು ದಿನ ಅಲ್ಲಿ ಏನು ಮಾಡ್ತಿದ್ರು? ಇವರು ಉಳಕೊಳ್ತಿದ್ದ ವಸತಿಗೃಹದ ಹೆಂಗಸು ಮಣ್ಣಿಗೆ ಬಂದಿದ್ಳು. ಎಲ್ಲರಿಗಿಂತ ಜಾಸ್ತಿ ಅತ್ತೋಳು ಅವಳೇ. ನಾನೇ ಅವಳ ಕೈ ಹಿಡ್ಕೊಂಡು ಸಮಾಧಾನ ಮಾಡಿದೆ. ನೋಡಿ ಹೇಗಿದೆ! ಈಗ ಒಂದೊಂದೇ ಅರ್ಥ ಆಗ್ತಿದೆ. ಅವರ ಫೋಟೋ ತೆಗೆದು ಮಂಚದ ಕೆಳಗೆ ಹಾಕಿದೀನಿ."

ಅವನ ಕೈಯಲ್ಲಿದ್ದ ಗಾಜು ಚೌಕಟ್ಟಿಗೆ ತಾಗಿ ಟಿಕ್ಕೆಂದಿತು. ಈಗ ಹೇಳಬೇಕು. ಒಂದು ವಾಕ್ಯ, ಅಷ್ಟೇ. ಕತ್ತಲಿದೆ, ಬೇರೆ ಯಾರೂ ಇಲ್ಲ, ಮುಖವೂ ಕಾಣುವುದಿಲ್ಲ. ಅವನು ಬಾಯಿ ತೆರೆದ.

"ಇದು ಚೆನ್ನಾಗಿ ಕಾಣುತ್ತಾ, ಅದಾ?" ಎಂದ.

ಕನ್ನಡಕವನ್ನು ಬಿಟ್ಟಿ ಕೊಡಲು ಹೋದ. ಅವಳು ಕೇಳಲಿಲ್ಲ. ಎಷ್ಟಾಯಿತೋ ಅಷ್ಟನ್ನೂ ಎಣಿಸಿ ಗಲ್ಲಾದ ಮೇಲಿಟ್ಟು ಹೋದಳು. ಆಮೇಲೆ ಅವನಿಗೆ ಗಿರಾಕಿಯ ಕಣ್ಣಿಗೆ ಕಣ್ಣು ಕೊಟ್ಟು ಕೂರುವುದೇ ಕಷ್ಟವಾಯಿತು. ಮನೆಯಲ್ಲಿ ಹೆಂಡತಿಗೆ ಹೇಳಿದರೆ, ಅವಳು ಸೌಟು ಹಿಡಿದುಕೊಂಡೇ, "ನಾವು ಕಂಡೋರ ಸಂಸಾರದ ವಿಷಯ ಏನಾದ್ರೂ ಎತ್ತಿದ್ವಾ?" ಎಂದಳು. ಆದರೆ ಈ ಸಲ ನಗಲಿಲ್ಲ. ಭಾವಮೈದನ ಹತ್ತಿರ ಹೋದರೆ ಅವನು ಲಾರಿಯ ಕೆಳಗಿನಿಂದಲೇ, "ನಾನು ಇಂಜಿನ್ ಕೆಟ್ಟಿದೆ ಅಂದೆ ಭಾವ, ಅವಳ ಗಂಡ ಕೆಟ್ಟಿದಾನೆ ಅನ್ನಲಿಲ್ಲ. ಅದನ್ನ ಅವಳೇ ಹೊಲಿದುಕೊಂಡಿದ್ದು" ಎಂದ. ಎಲ್ಲರ ಮಾತೂ ಸರಿಯಾಗಿಯೇ ಇತ್ತು. ದೋಣಿಯ ಹತ್ತಿರ ಹೋಗಲು ಮಾತ್ರ ಅವನಿಗೆ ಮನಸ್ಸಾಗಲಿಲ್ಲ. ಒಂದು ರಜೆ ತಲೆನೋವೆಂದ, ಇನ್ನೊಂದು ರಜೆ ಗಾಳಿ ಜೋರೆಂದ. ಹೇಳಬೇಕಾದದ್ದನ್ನು ಸ್ನಾನದ ಮನೆಯಲ್ಲಿ ಹೇಳಿ ಹೇಳಿ ಬಾಯಿಪಾಠ ಮಾಡಿಕೊಂಡ.

ಕೊನೆಗೊಂದು ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಅವಳ ಮನೆಗೆ ಹೋದ. ಮುಂದಿನ ಕೋಣೆಯೇ ಅವಳ ಕೆಲಸದ ಜಾಗ. ಕಿಟಕಿಯ ಪಕ್ಕ ಮೆಷಿನ್ನು, ಹಗ್ಗದ ಮೇಲೆ ಯಾರ್ಯಾರದೋ ಕೋಟು, ನೆಲದ ತುಂಬ ದಾರದ ಚೂರು. ಅವಳು ಪ್ಯಾಂಟೊಂದರ ಕಾಲು ಮಡಿಸುತ್ತ ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡಿದ್ದಳು. ಗೋಡೆಯಲ್ಲಿ ಫೋಟೋ ಇದ್ದ ಜಾಗ ಉಳಿದ ಗೋಡೆಗಿಂತ ಬೆಳ್ಳಗಿತ್ತು. ಅವನು ಕೂರದೆ, ಬಾಗಿಲ ಹತ್ತಿರವೇ ನಿಂತು, ಬಾಯಿಪಾಠ ಮಾಡಿದ್ದನ್ನೆಲ್ಲ ಮರೆತು, "ಇಂಜಿನ್ ಬಿಚ್ಚಿಸಿದಾರೆ ಅಮ್ಮ. ಎಲ್ಲಾ ಹೊಸದು. ನಾವು ಸುಳ್ಳು ಹೇಳಿದ್ವಿ" ಎಂದ.

ಅವಳು ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ದಿಂಬಿಗೆ ಚುಚ್ಚಿದಳು. ಆಮೇಲೆ ಸಣ್ಣಗೆ ನಕ್ಕಳು. "ಯಾರು ಕಳಿಸಿದ್ರು ನಿಮ್ಮನ್ನ? ನನ್ನ ತಂಗಿನಾ? ಊಟ ಬಿಟ್ಟಿದೀನಿ ಅಂತ ಎಲ್ಲರ ಹತ್ತಿರಾನೂ ಹೇಳ್ಕೊಂಡು ತಿರುಗ್ತಾಳೆ. ನೀವು ಒಳ್ಳೇ ಮನುಷ್ಯರು. ಆದ್ರೆ ನನಗೆ ಇದೆಲ್ಲ ಬೇಡ."

"ನಾನು ಒಳ್ಳೆಯವನಲ್ಲ ಅಮ್ಮ!" ಅವನು ಒಂದು ಹೆಜ್ಜೆ ಒಳಗೆ ಬಂದ. "ರೇಟು ಇಳಿಸೋಕೆ ಹೇಳಿದ ಸುಳ್ಳು ಅದು. ಹಿಂದಿನ ದಿನವೇ ಮಾತಾಡ್ಕೊಂಡಿದ್ವಿ. ದೋಣಿಯ ನಿಜವಾದ ಬೆಲೆ ಏನಿದೆಯೋ ಅದನ್ನ ಕೊಟ್ಟುಬಿಡ್ತೀನಿ. ಬೇಕಾದ್ರೆ ಬೇರೆ ಮೆಕ್ಯಾನಿಕ್‌ನ ಕರೆಸಿ ತೋರಿಸ್ತೀನಿ."

"ಅವನೂ ನೀವು ಕರೆಸಿದೋನೇ ಆಗ್ತಾನೆ." ಅವಳ ಮುಖದ ಮೇಲಿನ ನಗು ಹೋಗಿತ್ತು. "ಅವತ್ತೂ ನೀವು ಹೇಳಿದ್ದನ್ನೇ ನಂಬಿದೆ. ಇವತ್ತೂ ನೀವು ಹೇಳಿದ್ದನ್ನೇ ನಂಬಬೇಕು. ಅಲ್ವಾ?"

ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

"ಮೊನ್ನೆ ಆ ವಸತಿಗೃಹದ ಹೆಂಗಸಿಗೆ ಫೋನ್ ಮಾಡಿದ್ದೆ" ಎಂದಳು ಅವಳು, ಪ್ಯಾಂಟನ್ನು ಮಡಿಲಲ್ಲಿ ನೇವರಿಸುತ್ತ. "ಬಾಯಿಗೆ ಬಂದ ಹಾಗೆ ಬೈದೆ. ನನ್ನ ಬಾಯಲ್ಲಿ ಅಂಥ ಮಾತುಗಳಿವೆ ಅಂತ ನನಗೇ ಗೊತ್ತಿರಲಿಲ್ಲ. ಅವಳು ಒಂದು ಮಾತೂ ಆಡದೆ ಕೇಳಿಸಿಕೊಂಡ್ಳು. ಕೊನೇಲಿ 'ನೀವು ಸುಸ್ತಾಗಿದೀರ ಅಕ್ಕ, ಮಲಗಿ' ಅಂದ್ಳು. ಈಗ ನೀವು ಬಂದು ಹೀಗೆ ಅಂತೀರ. ಇದು ನಿಜ ಆದ್ರೆ ನಾನು ಅವಳಿಗೆ ಏನು ಹೇಳಲಿ? ಇವರಿಗೆ ಏನು ಹೇಳಲಿ?"

ಅವನು ತಲೆ ತಗ್ಗಿಸಿಕೊಂಡೇ ನಿಂತಿದ್ದ. ಹೋಗಿ ಎಂದು ಅವಳು ಹೇಳಿಬಿಟ್ಟಿದ್ದರೆ ಓಡಿಹೋಗುತ್ತಿದ್ದ. ಅವಳು ಎದ್ದು ಪ್ಯಾಂಟನ್ನು ಹಗ್ಗಕ್ಕೆ ನೇತುಹಾಕಿ, ಚಪ್ಪಲಿ ಮೆಟ್ಟಿಕೊಂಡು, "ನಡೀರಿ, ತೋರಿಸಿ" ಎಂದಳು.

ಬಂದರಿನವರೆಗೆ ಅವಳು ಮುಂದೆ, ಅವನು ಹಿಂದೆ. ದೋಣಿಗೆ ಹತ್ತುವಾಗ ಅವನು ಚಾಚಿದ ಕೈಯನ್ನು ಅವಳು ಹಿಡಿಯಲಿಲ್ಲ. ಕಂಬಿ ಹಿಡಿದು ಹೇಗೋ ಹತ್ತಿದಳು. ಇಷ್ಟು ವರ್ಷದಲ್ಲಿ ಇದರ ಮೇಲೆ ಕಾಲಿಟ್ಟದ್ದು ಇದೇ ಮೊದಲು, ಅಲೆ ಕಂಡರೇ ನನಗೆ ಹೊಟ್ಟೆ ತೊಳಸುತ್ತೆ ಎಂದು ಯಾರಿಗೋ ಹೇಳುವಂತೆ ಹೇಳಿದಳು. ಅವನು ಮುಚ್ಚಳ ಎತ್ತಿದ. ಹೊಸ ಕನ್ನಡಕ ಸರಿಮಾಡಿಕೊಂಡು, ಹೊಲಿಗೆಯ ಗೆರೆ ನೋಡುವವರಂತೆ ಅವಳು ಬಗ್ಗಿ ನೋಡಿದಳು. ಅವನು ಹೊಸ ಪಂಪನ್ನು ತೋರಿಸಿದ, ಹೊಸ ಪೈಪುಗಳನ್ನು ತೋರಿಸಿದ, ಅಳತೆಕಡ್ಡಿ ಎಳೆದು ಎಣ್ಣೆ ತೋರಿಸಿದ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

"ನನಗೇನು ಗೊತ್ತಾಗುತ್ತೆ ಇದರಲ್ಲಿ" ಎಂದಳು ಅವಳು. "ಓಡಿಸಿ."

"ನಿಮಗೆ ಆಗಲ್ಲ ಅಮ್ಮ. ಹೊರಗೆ ಅಲೆ ಇದೆ."

"ಓಡಿಸಿ ಅಂದೆನಲ್ಲ."

ಇಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು. ಅವಳು ತಿರುಗುವ ಕುರ್ಚಿಯಲ್ಲಿ ಕೂರದೆ, ಮುಚ್ಚಳದ ಮೇಲೆಯೇ ಎರಡೂ ಅಂಗೈ ಊರಿ ಕೂತಳು. ಬಂದರಿನ ಕಲ್ಲುಗೋಡೆ ದಾಟಿದ್ದೇ ದೋಣಿ ಏರಿ ಇಳಿಯತೊಡಗಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳು ಅಂಚಿಗೆ ಬಾಗಿ ವಾಂತಿ ಮಾಡಿಕೊಂಡಳು. ಅವನು ಗಾಬರಿಯಿಂದ ವೇಗ ಇಳಿಸಿ, ನೀರಿನ ಬಾಟಲಿ ಹುಡುಕಿ ಕೊಟ್ಟ. ಅವಳು ಬಾಯಿ ತೊಳೆದುಕೊಂಡಳು. ಕನ್ನಡಕ ತೆಗೆದು, ಅದಕ್ಕೆ ಸಿಡಿದ ಉಪ್ಪುನೀರನ್ನು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು.

"ವಾಪಸ್ ತಿರುಗಿಸಲಾ?"

"ಬೇಡ."

"ಅಮ್ಮ, ಸಾಕು. ನೀವು ಬಿಳಿಚಿಕೊಂಡಿದೀರ."

"ವೇಗ ಇಳಿಸಬೇಡಿ. ಜೋರು ಮಾಡಿ."

ಅವನು ವೇಗದ ಹಿಡಿಯನ್ನು ಮುಂದೆ ತಳ್ಳಿದ. ಇಂಜಿನ್ನಿನ ಸದ್ದು ದಪ್ಪವಾಗಿ, ಒಂದೇ ಸಮನೆ, ಕಾಲಡಿಯಿಂದ ಏರಿ ಬಂತು, ಎಲ್ಲಿಯೂ ಎಡವಲಿಲ್ಲ. ಅವಳು ಮತ್ತೆ ಅಂಗೈಗಳನ್ನು ಮುಚ್ಚಳದ ಮೇಲೆ ಒತ್ತಿ ಕೂತಳು. ಅವಳು ಅಳುತ್ತಿದ್ದಾಳೋ, ಕೇಳಿಸಿಕೊಳ್ಳುತ್ತಿದ್ದಾಳೋ, ಸುಮ್ಮನೆ ಹೊಟ್ಟೆಯನ್ನು ತಡೆದುಕೊಂಡಿದ್ದಾಳೋ, ತಿರುಗಿ ನೋಡುವ ಧೈರ್ಯ ಅವನಿಗಾಗಲಿಲ್ಲ. ಚುಕ್ಕಾಣಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದಿನ ನೀರನ್ನೇ ನೋಡುತ್ತ ನಿಂತ. ಹಸಿರು ನೀರು ಮುಗಿದು ನೀಲಿ ಶುರುವಾಗಿತ್ತು. ಹಿಂದೆ ಎಲ್ಲೋ ದಡವಿತ್ತು.