ಮರಿಯಪ್ಪನವರ ಕೀಲಿಕೈ

ಮರಿಯಪ್ಪನವರನ್ನು ಪಾರ್ಕಿಂಗ್ ಕಾವಲಿಗೆ ಎತ್ತಿಹಾಕಿದ ಆದೇಶಕ್ಕೆ ಸಹಿ ಮಾಡಿದವಳು ನಾನೇ. ಅದನ್ನು ಮುಚ್ಚಿಟ್ಟು ಕತೆ ಹೇಳುವಷ್ಟು ಭಂಡತನ ನನಗಿಲ್ಲ.

ದಿಲ್ಲಿ ಪಕ್ಕದ ನೋಯ್ಡಾದ ನಮ್ಮ ಕಂಪನಿಯ ನಾಲ್ಕನೇ ಮಹಡಿಯಲ್ಲಿ ಸರ್ವರ್ ರೂಮಿದೆ. ಹತ್ತಾರು ಆಸ್ಪತ್ರೆಗಳ ರೋಗಿಗಳ ಗುಟ್ಟೆಲ್ಲ ಅಲ್ಲೇ. ಕಾರ್ಡ್ ಇಲ್ಲದ ಯಾರನ್ನೂ ಒಳಗೆ ಬಿಡಬಾರದೆಂದು ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆಸಿದವರು ಎಂ.ಡಿ. ಸಾಹೇಬರು. ತುಮಕೂರಿನ ಕಡೆಯ ಗಾರ್ಡ್ ಮರಿಯಪ್ಪ, ಸೇನೆಯಿಂದ ನಿವೃತ್ತರಾಗಿ ಮಗಳ ಓದಿಗೆಂದು ಇಲ್ಲೇ ಉಳಿದವರು. ಇಡೀ ಆಫೀಸಿನಲ್ಲಿ ಆ ಬೋರ್ಡನ್ನು ನಂಬಿದ್ದ ಪುಣ್ಯಾತ್ಮರು ಅವರೊಬ್ಬರೇ.

ಡಿಸೆಂಬರಿನ ಒಂದು ಬೆಳಿಗ್ಗೆ ಸಾಹೇಬರು ಇಬ್ಬರು ಅತಿಥಿಗಳೊಂದಿಗೆ ಬಂದರು. ಅವರ ಕಾರ್ಡ್ ಮನೆಯಲ್ಲಿತ್ತು. ಮರಿಯಪ್ಪ ಸೆಲ್ಯೂಟ್ ಹೊಡೆದು ಬಾಗಿಲಿಗೆ ಅಡ್ಡ ನಿಂತರು.

“ನಾನು ಯಾರಂತ ಗೊತ್ತಾಗಲಿಲ್ವಾ?” ಎಂದು ಸಾಹೇಬರು ಹಿಂದಿಯಲ್ಲಿ ಗದರಿದರು.

“ಗೊತ್ತಾಯ್ತು ಸಾಬ್. ಕಾರ್ಡ್?”

ಅತಿಥಿಗಳು ನಕ್ಕುಬಿಟ್ಟರು. ಮಧ್ಯಾಹ್ನದೊಳಗೆ ಮರಿಯಪ್ಪ ಪಾರ್ಕಿಂಗಿನಲ್ಲಿದ್ದರು, ತಿಂಗಳ ಕೊನೆಗೆ ಕೆಲಸದಿಂದಲೇ ಹೊರಗೆ ಎಂದೂ ತೀರ್ಮಾನವಾಯಿತು. ಮಗಳ ಕಾಲೇಜು ಇನ್ನೂ ಒಂದು ವರ್ಷ ಬಾಕಿ ಇದೆಯೆಂದು ಗೊತ್ತಿದ್ದೂ ನಾನು ಬಾಯಿ ಮುಚ್ಚಿಕೊಂಡು ಸಹಿ ಹಾಕಿದೆ. ನನಗೂ ನನ್ನ ಅಡ್ಮಿನ್ ಮ್ಯಾನೇಜರ್ ಕುರ್ಚಿ ಬೇಕಿತ್ತು.

ಹೊಸ ಗಾರ್ಡ್ ಬಲು ವಿನಯವಂತ. ಕೋಟು ಹಾಕಿದವರಿಗೆಲ್ಲ ಸೆಲ್ಯೂಟ್. ಮುಂದಿನ ವಾರ ಭದ್ರತೆ ಪರೀಕ್ಷಿಸಲು ಹೊರಗಿನ ಸಂಸ್ಥೆಯ ಪ್ರೇರಣಾ ಹೇಳದೆ ಕೇಳದೆ ಬಂದಳು, ಎರಡೂ ಕೈಯಲ್ಲಿ ಮಿಠಾಯಿ ಡಬ್ಬ. ಪಾಪ, ಕೈ ತುಂಬಿದೆಯಲ್ಲ ಎಂದು ಗಾರ್ಡೇ ತನ್ನ ಕಾರ್ಡ್ ತೋರಿಸಿ ಬಾಗಿಲು ತೆಗೆದ. ಒಳಗಿನಿಂದ ನನಗೆ ಫೋನ್ ಬಂತು.

“ಮ್ಯಾಮ್, ನಿಮ್ಮ ಸರ್ವರ್ ರೂಮಲ್ಲಿದೀನಿ. ಇಲ್ಲಿ ತುಂಬಾ ಚಳಿ. ಬರ್ಫಿ ತಿಂತೀರಾ?”

ವಿನಯವಂತ ಅವತ್ತೇ ಮನೆಗೆ ಹೋದ. ಬೆರಳಚ್ಚು ನೋಡಿ ಬಾಗಿಲು ತೆಗೆಯುವ ಯಂತ್ರ ಬಂತು. ದಿಲ್ಲಿಯ ಚಳಿಗೆ ಬೆರಳು ಒಣಗಿ ಬಿರಿಯುತ್ತದೆ, ನೋಡಿ. ಯಂತ್ರಕ್ಕೆ ಎಲ್ಲರ ಬೆರಳೂ ಹಿಡಿಸಿತು, ಸಾಹೇಬರದೊಂದು ಬಿಟ್ಟು. ಅವರು ಒರೆಸಿದರು, ಊದಿದರು, ವ್ಯಾಸಲೀನ್ ಹಚ್ಚಿದರು. ಅದು ಕೆಂಪು ದೀಪ ತೋರಿಸುತ್ತಲೇ ಇತ್ತು. ಯಂತ್ರವನ್ನು ಪಾರ್ಕಿಂಗಿಗೆ ಹಾಕುವಂತಿರಲಿಲ್ಲ.

“ಕೀಲಿಕೈ ಕೊಟ್ಟು ಒಬ್ಬ ನಂಬಿಕಸ್ಥನನ್ನ ನಿಲ್ಲಿಸಿ” ಎಂದರು ಸಾಹೇಬರು. “ಆ ಮರಿಯಪ್ಪ ಇದ್ದಾನಲ್ಲ.”

ಈ ಆದೇಶಕ್ಕೂ ನನ್ನದೇ ಸಹಿ. ತಿಂಗಳ ಕೊನೆಗೆ ತೆಗೆಯುವ ಮಾತೂ ಅಲ್ಲಿಗೆ ರದ್ದು. ಖುಷಿಗೆ ಲಿಫ್ಟಿಗೂ ಕಾಯದೆ ಪಾರ್ಕಿಂಗಿಗೆ ಓಡಿದೆ. ಮರಿಯಪ್ಪ ಕಾಗದವನ್ನು ಎರಡು ಸಲ ಓದಿದರು.

“ಅಂದ್ರೆ ಮೇಡಂ, ಮಷೀನು ಒಪ್ಪದೇ ಇದ್ದವರನ್ನ ನಾನು ಒಳಗೆ ಬಿಡಬೇಕು. ಅಷ್ಟೇ ತಾನೆ?”

“ಸಾಹೇಬರೊಬ್ಬರನ್ನ. ಮಗಳ ಮುಖ ನೋಡಿ ಸುಮ್ನೆ ಹೂಂ ಅನ್ನಿ ಮರಿಯಪ್ಪ.”

ಅವರು ಹೂಂ ಎಂದರು. ಕೀಲಿಕೈ ಜೇಬಿಗಿಳಿಸಿ, ಮೇಲೆ ಬಂದು ಬಾಗಿಲ ಬಳಿ ನಿಂತರು. ನಾನೂ ಜೊತೆಗೇ ಮೇಲೆ ಬಂದಿದ್ದೆ. ಮಾತಾಡುತ್ತಲೇ ಒಳಗೆ ಹೊರಟೆ. ಅವರ ಕೈ ಅಡ್ಡ ಬಂತು. ಅರ್ಧದಲ್ಲೇ ನಿಂತು, ಮೆಲ್ಲಗೆ ಕೆಳಗಿಳಿಯಿತು. ಸೆಲ್ಯೂಟ್ ಹೊಡೆದು ಕೀಲಿಕೈಯಿಂದ ಬಾಗಿಲು ತೆಗೆದರು.

ನಾನು ಯಂತ್ರಕ್ಕೆ ಬೆರಳು ಒತ್ತಿರಲಿಲ್ಲ. ಅವರು ಕೇಳಲೇ ಇಲ್ಲ.